ಎಣ್ಣೆ ಹಚ್ಚಿ, ಲೆಕ್ಕಾನೂ ಕೇಳಿ

ಬಿಕಾಂ ಬುದ್ಧಿ, ಕಂತು 11. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

1/5

ಕೂದಲು ಉದುರ್ತಿದೆ ಅಂತ ಒಂದೇ ಒಂದ್ಸಲ ಸರ್ಚ್ ಮಾಡಿ ನೋಡಿ. ಆಮೇಲೆ ನಿಮ್ಮ ಫೀಡ್ ತುಂಬಾ ಎಣ್ಣೆನೇ. ಮೊಣಕಾಲವರೆಗೆ ಕೂದಲು ಬಿಟ್ಕೊಂಡವರು, ದೊಡ್ಡ ಬಾಣಲೆ, ಅದರಲ್ಲಿ ಕುದಿಯೋ ಸೊಪ್ಪು, ಕೊನೆಗೆ ಒಂದು ವಾಟ್ಸಾಪ್ ನಂಬರ್. ಆ ವಿಡಿಯೋಗಳಲ್ಲಿ ನಮ್ಮ ಜಿಲ್ಲೆಯ ಹುಣಸೂರಿನ ಹೆಸರು ಬರದೇ ಇರೋದು ಕಮ್ಮಿ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಈಗ ಇಡೀ ದೇಶಕ್ಕೆ ಗೊತ್ತು. ಹಕ್ಕಿ ಹಿಡಿಯೋದು ಇವರ ಹಳೇ ಕಸುಬು. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಅದು ನಿಂತಿತು, ಬೇರೆ ವ್ಯಾಪಾರ ಹುಡುಕಬೇಕಾಯ್ತು. ಮೂಲಿಕೆ, ಎಣ್ಣೆ ಹೊತ್ಕೊಂಡು ಆಫ್ರಿಕಾವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕ್ಕೊಂಡ ಕನ್ನಡಿಗರಲ್ಲಿ ಇವರೂ ಇದ್ದರು, ನೆನಪಿದ್ಯಾ? ವ್ಯಾಪಾರ ಅಂತ ನೋಡಿದ್ರೆ ನಮ್ಮ ಮಾರ್ಕೆಟಿಂಗ್ ಪುಸ್ತಕದ ಯಾವ ಕೇಸ್ ಸ್ಟಡಿಗೂ ಇದು ಕಮ್ಮಿ ಇಲ್ಲ.

ಹಾಗಾಗಿ ಮೊದಲೇ ಹೇಳ್ಬಿಡ್ತೀನಿ. ನನ್ನ ತಕರಾರು ಮಾರೋರು ಯಾರು, ಯಾವ ಊರು ಅನ್ನೋದರ ಮೇಲಲ್ಲ. ದೊಡ್ಡ ಕಂಪನಿ ಮಾರಲಿ, ಕಾಡಂಚಿನವರು ಮಾರಲಿ, ಪಕ್ಕದ ಮನೆ ಆಂಟಿ ಮಾರಲಿ, "ಹೊಸ ಕೂದಲು ಬರುತ್ತೆ" ಅನ್ನೋ ಮಾತನ್ನ ಒಂದೇ ತಕ್ಕಡಿಯಲ್ಲಿ ತೂಗಬೇಕು. ಎಣ್ಣೆ ಇರೋ ಕೂದಲನ್ನ ಕಾಪಾಡುತ್ತೆ. ಹೋದ ಕೂದಲನ್ನ ವಾಪಸ್ ತರೋದು ಬೇರೆ ಕೆಲಸ. ಇವೆರಡನ್ನೂ ಒಂದೇ ಖಾತೆಗೆ ಬರೆದು ನಮಗೆ ಬಿಲ್ ಮಾಡ್ತಿದ್ದಾರೆ ಅನ್ನೋದೇ ನನ್ನ ವಾದ.

2/5

ನಂಜನಗೂಡಿನವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಕಪಿಲೆ ದಂಡೆಯಲ್ಲಿ ಮುಡಿ ಕೊಡೋದನ್ನ ದಿನಾ ನೋಡ್ತೀವಿ. ತಲೆ ನುಣ್ಣಗಾದ ಮಗು ಮುಂದಿನ ವರ್ಷ ಜಾತ್ರೆಗೆ ಬರೋವಾಗ ತಲೆ ತುಂಬಾ ಕೂದಲು. ಹೇಗೆ? ಕತ್ತಿ ತೆಗೆದಿದ್ದು ಚರ್ಮದ ಮೇಲಿನ ಎಳೆ ಮಾತ್ರ. ಬೇರು ಒಳಗೇ ಇತ್ತು. ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್‌ನಂತೆ ಅದು ತನ್ನ ಪಾಡಿಗೆ ಬೆಳೀತು.

ಎಳೆಗೆ ಜೀವ ಇಲ್ಲ. ಅದು ಕೆರಾಟಿನ್ ಅನ್ನೋ ಪ್ರೋಟೀನಿನ ದಾರ. ಸ್ಟ್ರೇಟ್ನಿಂಗ್, ಬಣ್ಣ, ಬಿಸಿ ಡ್ರೈಯರ್, ಒದ್ದೆ ಕೂದಲನ್ನ ಜೋರಾಗಿ ಬಾಚೋದು, ಇವೆಲ್ಲ ಆ ದಾರವನ್ನ ಸವೆಸುತ್ತವೆ. ಇಲ್ಲಿ ಎಣ್ಣೆಯ ಕೆಲಸ ನಿಜ. 2003ರಲ್ಲಿ ಭಾರತದ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲ ಮೇಲೆ ಪರೀಕ್ಷೆ ಮಾಡಿದರು. ತೊಳೆದಾಗ ಪ್ರೋಟೀನ್ ಹೋಗೋದನ್ನ ಚೆನ್ನಾಗಿ ತಡೆದಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರೋ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರ. ಎಳೆಯ ಒಳಕ್ಕೆ ಇಳಿಯುತ್ತೆ. ಅಂದ್ರೆ ಅಜ್ಜಿ ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿ ಕೂರಿಸ್ತಿದ್ರಲ್ಲ, ಆ ಕ್ರಮ ಸರಿಯಾಗೇ ಇತ್ತು.

ಹಾಗಾಗಿ: ತಲೆಸ್ನಾನಕ್ಕೆ ಕೆಲವು ಗಂಟೆ ಮುಂಚೆ, ಸ್ವಲ್ಪವೇ ಎಣ್ಣೆ, ಎಳೆಯ ನಡುವಿಂದ ತುದಿವರೆಗೆ. ಹೊಟ್ಟು ಜಾಸ್ತಿ ಇದ್ರೆ ಬುರುಡೆಗೆ ಎಣ್ಣೆ ಬೇಡ. ಹೊಟ್ಟಿಗೆ ಕಾರಣವಾಗೋ ಶಿಲೀಂಧ್ರಕ್ಕೆ ಜಿಡ್ಡೇ ಊಟ. ಹರಳೆಣ್ಣೆ ತಂಪು ಅಂತ ಸುರ್ಕೊಳ್ಳೋರು ಕೇಳಿ, ಅದು ವಿಪರೀತ ಅಂಟು. ಉದ್ದ ಕೂದಲು ಬಿಡಿಸೋಕೇ ಆಗದ ಹಾಗೆ ಗಂಟುಗಟ್ಟಿ ಕತ್ತರಿಸಬೇಕಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ಬೇಕಿದ್ರೆ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಬೆರೆಸಿ, ಸಾಕು.

3/5

ಈಗ ಎರಡನೇ ಖಾತೆ. ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಸಹಜ. ಅದಕ್ಕಿಂತ ಜಾಸ್ತಿ ಆದ್ರೆ ಕಾರಣ ಸಾಮಾನ್ಯವಾಗಿ ದೇಹದ ಒಳಗಿರುತ್ತೆ. ಡೆಂಗಿ, ಟೈಫಾಯ್ಡ್‌ನಂಥ ಜ್ವರ, ಹೆರಿಗೆ, ಊಟ ಬಿಟ್ಟು ತೂಕ ಇಳಿಸೋದು, ಥೈರಾಯ್ಡ್, ರಕ್ತಹೀನತೆ. ಅಪ್ಪ ಅಮ್ಮನ ಕಡೆಯಿಂದ ಬಂದ ಬೋಳುತನ ಇನ್ನೊಂದು. ದಿನಾ ಬಿಗಿಯಾಗಿ ಎಳೆದು ಜಡೆ ಹಾಕೋದರಿಂದ ಹಣೆ ಅಂಚಿನಲ್ಲಿ ಉದುರೋದು ಮತ್ತೊಂದು.

ಇಲ್ಲೊಂದು ಮಜಾ ಇದೆ. ದೊಡ್ಡ ಜ್ವರ ಬಂದ್ರೆ ಕೂದಲು ಆವಾಗಲೇ ಉದುರಲ್ಲ, ಎರಡು ಮೂರು ತಿಂಗಳಾದ ಮೇಲೆ ಉದುರುತ್ತೆ. ನಾವು ಗಾಬರಿಯಾಗಿ ಎಣ್ಣೆ ಆರ್ಡರ್ ಮಾಡ್ತೀವಿ. ಇನ್ನು ಕೆಲವು ತಿಂಗಳಿಗೆ ಉದುರೋದು ತಾನಾಗೇ ನಿಲ್ಲುತ್ತೆ, ಹೊಸ ಕೂದಲು ಬರುತ್ತೆ. ವಾಸಿ ಮಾಡಿದ್ದು ದೇಹ, ಜಮಾ ಆಗಿದ್ದು ಎಣ್ಣೆ ಖಾತೆಗೆ. "ನನಗೆ ವರ್ಕ್ ಆಯ್ತು" ಅನ್ನೋ ಎಷ್ಟೋ ಕಮೆಂಟ್‌ಗಳ ಹಿಂದೆ ಈ ತಪ್ಪು ಎಂಟ್ರಿ ಇರುತ್ತೆ. ಅವರು ಸುಳ್ಳು ಹೇಳ್ತಿಲ್ಲ, ಲೆಕ್ಕ ತಪ್ಪಿದೆ ಅಷ್ಟೆ.

ಹಾಗಾದ್ರೆ ಯಾವ ಎಣ್ಣೆಯೂ ಬೇರಿಗೆ ತಾಗಲ್ವಾ? ರೋಸ್‌ಮರಿ ಎಣ್ಣೆ ಬಗ್ಗೆ 2015ರಲ್ಲಿ ಇರಾನ್‌ನಲ್ಲಿ ಒಂದು ಪ್ರಯೋಗ ಆಯ್ತು. ನೂರು ಜನ, ಆರು ತಿಂಗಳು, ಶೇ 2ರ ಮಿನಾಕ್ಸಿಡಿಲ್ ಜೊತೆ ಹೋಲಿಕೆ. ಎರಡೂ ಹೆಚ್ಚುಕಮ್ಮಿ ಸಮ ಬಂದವು. ಆದ್ರೆ ಅದು ಒಂದೇ ಚಿಕ್ಕ ಪ್ರಯೋಗ, ಫಲ ಕಂಡಿದ್ದೂ ಆರನೇ ತಿಂಗಳಿಗೆ. "ಮೂರೇ ವಾರ" ಅನ್ನೋರಿಗೆ ಇದೇ ಉತ್ತರ.

4/5

ಇನ್ನು ನಮ್ಮ ಸಬ್ಜೆಕ್ಟಿಗೆ ಬರೋಣ: ಕಾನೂನು, ತೆರಿಗೆ, ಲೇಬಲ್.

ಕೊಬ್ಬರಿ ಎಣ್ಣೆ ಚಿಕ್ಕ ಬಾಟಲಿಯ ಮೇಲೆ "ಖಾದ್ಯ ತೈಲ" ಅಂತ ಯಾಕಿರುತ್ತೆ ಗೊತ್ತಾ? ಖಾದ್ಯ ಎಣ್ಣೆಗೆ ಜಿಎಸ್‌ಟಿ ಶೇ 5, ಹೇರ್ ಆಯಿಲ್‌ಗೆ ಶೇ 18 ಇತ್ತು. ಚಿಕ್ಕ ಪ್ಯಾಕ್ ಅನ್ನೋ ಒಂದೇ ಕಾರಣಕ್ಕೆ ಅದು ಹೇರ್ ಆಯಿಲ್ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಸೆಪ್ಟೆಂಬರ್‌ನಿಂದ ಹೇರ್ ಆಯಿಲ್‌ಗೂ ಶೇ 5 ಆಗಿದೆ. ಬಾಟಲಿ ಹಿಂದಿನ ಪದಾರ್ಥಗಳ ಪಟ್ಟಿ ಓದಿ. ಜಾಸ್ತಿ ಇರೋದು ಮೊದಲು ಬರುತ್ತೆ. ಮುಂದೆ ದಾಸವಾಳ, ಗರುಗದ ಸೊಪ್ಪಿನ ಚಿತ್ರ, ಹಿಂದೆ ಮೊದಲ ಹೆಸರೇ ಮಿನರಲ್ ಆಯಿಲ್ ಅಂತಿದ್ರೆ, ನೀವು ದುಡ್ಡು ಕೊಟ್ಟಿದ್ದು ಚಿತ್ರಕ್ಕೆ.

1945ರ ಔಷಧ ನಿಯಮಗಳಲ್ಲಿ ಷೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಇವನ್ನ ವಾಸಿ ಮಾಡ್ತೀನಿ ಅಂತ ಯಾವ ಔಷಧವೂ ಹೇಳ್ಕೊಳ್ಳೋ ಹಾಗಿಲ್ಲ ಅನ್ನೋ ಕಾಯಿಲೆಗಳ ಪಟ್ಟಿ. ಅದರಲ್ಲಿ ಬೋಳುತಲೆಯೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೂ ದಂಡ, ಅದರಲ್ಲಿ ಕಾಣಿಸ್ಕೊಂಡವರಿಗೂ ಸೇರಿ. ಕೇರಳದ ತ್ರಿಶೂರಿನಲ್ಲಿ ಒಬ್ಬ ಗ್ರಾಹಕ ಹೇರ್ ಕ್ರೀಮ್ ಕಂಪನಿ ಮೇಲೆ ಕೇಸ್ ಹಾಕಿ ಗೆದ್ದರು. ಕಂಪನಿಗೂ, ಜಾಹೀರಾತಿನಲ್ಲಿದ್ದ ನಟ ಅನೂಪ್ ಮೆನನ್‌ಗೂ ತಲಾ 10,000 ದಂಡ. ಆ ಕ್ರೀಮ್ ನಟ ಬಳಸಿಯೇ ಇರಲಿಲ್ಲ, ಹಚ್ತಿದ್ದಿದ್ದು ಅಮ್ಮ ಮನೆಯಲ್ಲಿ ಮಾಡಿದ ಎಣ್ಣೆ!

5/5

ಇಷ್ಟೆಲ್ಲ ಯಾಕೆ, ಎಣ್ಣೆ ತಾನೇ, ಹಚ್ಕೊಂಡ್ರೆ ಏನು ಹೋಗುತ್ತೆ ಅಂತ ಕೇಳಬಹುದು. ಹೋಗೋದು ಟೈಮು.

ನಮ್ಮ ಕ್ಲಾಸಿನ ಒಬ್ಬಳ ಜಡೆ ಅರ್ಧ ಆಗಿತ್ತು. ಟಿ. ನರಸೀಪುರ ಕಡೆಯ ಹಳ್ಳಿಯಿಂದ ಬೆಳಿಗ್ಗೆ ಆರೂವರೆ ಬಸ್ಸು, ತಿಂಡಿ ಇಲ್ಲ. ಆನ್‌ಲೈನಲ್ಲಿ ತರಿಸಿದ ಎಣ್ಣೆ ಮೂರು ಬಾಟಲಿ ಖಾಲಿ, ಪಾರ್ಟ್‌ಟೈಮ್ ದುಡಿದ ದುಡ್ಡು ಅದು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋದು, ಅದನ್ನ ಮಾತ್ರ ಯಾರಿಗೂ ಹೇಳಿರಲಿಲ್ಲ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಹಿಮೋಗ್ಲೋಬಿನ್ ನೋಡಿದ್ರೆ 8. ಹನ್ನೆರಡಾದ್ರೂ ಇರಬೇಕಿತ್ತು. ಕೂದಲು ಏಳು ತಿಂಗಳಿಂದ ಸುದ್ದಿ ಕೊಡ್ತಾನೇ ಇತ್ತು. ನಾವೆಲ್ಲ ಸೇರಿ ಆ ಸುದ್ದಿಗೆ ಎಣ್ಣೆ ಹಚ್ತಿದ್ವಿ.

ಇದು ಅವಳೊಬ್ಬಳ ಕಥೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಇದೆ. ಅದಕ್ಕೇ ಹೇಳ್ತಿರೋದು: ಮೊದಲ ಬಾಟಲಿಗೆ ಮುಂಚೆ ಒಂದು ರಕ್ತಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತೆ, ಕಬ್ಬಿಣದ ಮಾತ್ರೆಯೂ ಅಲ್ಲೇ ಸಿಗುತ್ತೆ. ದುಂಡಗೆ ಚಕ್ಕೆ ಚಕ್ಕೆಯಾಗಿ ಉದುರ್ತಿದ್ರೆ, ಬುರುಡೆ ಉರಿ, ಕೀವು ಇದ್ರೆ, ಬೈತಲೆ ದಿನೇ ದಿನೇ ಅಗಲ ಆಗ್ತಿದ್ರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ. ಹೆಣ್ಮಕ್ಕಳಿಗೆ ಬಸ್ಸೂ ಫ್ರೀ ಇದೆ, ನೆಪ ಹೇಳೋ ಹಾಗಿಲ್ಲ.

ಮೂಲಿಕೆ ಬಗ್ಗೆ ತಾತ್ಸಾರ ಮಾಡೋಕೆ ನನಗೆ ಮನಸ್ಸಿಲ್ಲ. ಹಲ್ಲುಪುಡಿಯಿಂದಲೇ ಹೆಸರಾದ ಊರು ನಮ್ಮದು. ಭಾನುವಾರ ಅಮ್ಮನ ಕೈಲಿ ಎಣ್ಣೆ ಹಚ್ಚಿಸ್ಕೊಂಡು, ಸೀಗೆಪುಡಿ ಹಾಕಿ ತಲೆ ತೊಳ್ಕೊಳ್ಳೋ ಸುಖಕ್ಕೆ ಯಾವ ಪುರಾವೆಯೂ ಬೇಡ. ಪುರಾವೆ ಬೇಕಾಗಿರೋದು ಗ್ಯಾರಂಟಿ ಕೊಡೋರಿಗೆ.

ನೀವು ಕೊನೇ ಸಲ ಹಿಮೋಗ್ಲೋಬಿನ್ ನೋಡಿಸಿದ್ದು ಯಾವಾಗ? ಕಮೆಂಟಲ್ಲಿ ಹಾಕಿ. ನೆನಪಿಲ್ಲ ಅಂದ್ರೆ ಈ ವಾರವೇ ಹೋಗಿ.

#ಬಿಕಾಂಬುದ್ಧಿ #ನಂಜನಗೂಡು #ಕೊಬ್ಬರಿಎಣ್ಣೆ #ಲೇಬಲ್‌ಓದಿ