ಕಾರ್ಥೇಜ್ ಸೋತದ್ದು ಕೂಲಿ ಪಡೆಯಿಂದಲ್ಲ

ವ್ಯಾಪಾರಿಗಳು ದುಡ್ಡು ಕೊಟ್ಟು ಯುದ್ಧ ಮಾಡಿಸಿದರು, ಅದಕ್ಕೇ ಸೋತರು ಎಂಬುದು ಕಾರ್ಥೇಜಿನ ಮೇಲೆ ಎರಡು ಸಾವಿರ ವರ್ಷಗಳಿಂದ ಇರುವ ತೀರ್ಪು. ಅದಕ್ಕೆ ಬಲ ತುಂಬಿದವನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್. ರೋಮನ್ನರು ತಮ್ಮ ನೆಲಕ್ಕಾಗಿ ತಾವೇ ಕಾದಿದರು, ಕಾರ್ಥೇಜಿನವರು ಪರರ ಶೌರ್ಯವನ್ನು ನೆಚ್ಚಿ ಕೂತರು ಎಂದು ಅವನ ವಾದ. ಇಂದಿನ ಟ್ಯುನೀಷಿಯಾದ ಕಡಲಂಚಿನಲ್ಲಿದ್ದ ಆ ನಗರದ ಭೂಸೇನೆಯಲ್ಲಿ ಐಬೀರಿಯಾದ ಕಾಲಾಳುಗಳು, ಗಾಲ್ ಜನ, ಬಾಲಿಯಾರಿಕ್ ದ್ವೀಪಗಳ ಕವಣೆಗಾರರು, ನುಮಿಡಿಯಾದ ಸವಾರರು ತುಂಬಿದ್ದರು ಎಂಬುದೇನೋ ನಿಜ. ಆದರೆ ಪಾಲಿಬಿಯಸ್ ತಾನೇ ದಾಖಲಿಸಿದ ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಅವನ ತೀರ್ಪು ನಿಲ್ಲುವುದಿಲ್ಲ.

ರೋಮ್ ಮತ್ತು ಕಾರ್ಥೇಜ್ ನಡುವಿನ ಮೊದಲ ಪ್ಯೂನಿಕ್ ಯುದ್ಧದಲ್ಲಿ ರೋಮನ್ನರು ಸಿಸಿಲಿಯ ಲಿಲಿಬಿಯಮ್ ಕೋಟೆಯನ್ನು ಕ್ರಿ.ಪೂ. 250ರಿಂದ ಯುದ್ಧ ಮುಗಿಯುವವರೆಗೂ ಮುತ್ತಿಕೊಂಡಿದ್ದರು. ಕೂಲಿ ಪಡೆಯ ಕೆಲವು ನಾಯಕರು ಕೋಟೆಯನ್ನು ಶತ್ರುವಿಗೆ ಒಪ್ಪಿಸಲು ಸಂಚು ಹೂಡಿದಾಗ ಸೈನಿಕರು ಅವರ ಹಿಂದೆ ಹೋಗಲಿಲ್ಲ. ಮುಂದೆ ಕ್ರಿ.ಪೂ. 218ರಿಂದ 203ರವರೆಗೆ ಕಾರ್ಥೇಜಿನ ದಂಡನಾಯಕ ಹ್ಯಾನಿಬಲ್ ಇಟಲಿಯಲ್ಲಿ ನಡೆಸಿದ್ದು ಹಲವು ಭಾಷೆಗಳ, ಹಲವು ಕುಲಗಳ ಸೇನೆ. ಅದು ಒಮ್ಮೆಯೂ ಅವನ ಮೇಲೆ ತಿರುಗಿಬೀಳಲಿಲ್ಲ. ಅದು ಹ್ಯಾನಿಬಲ್‌ನ ವೈಯಕ್ತಿಕ ವರ್ಚಸ್ಸು ಎನ್ನಬಹುದು. ಆದರೆ ಲಿಲಿಬಿಯಮ್ಮಿನಲ್ಲಿ ಅಂಥ ವರ್ಚಸ್ಸಿನ ದಂಡನಾಯಕ ಇರಲಿಲ್ಲ.

ಹಾಗಾದರೆ ಮೊದಲ ಯುದ್ಧ ಮುಗಿದೊಡನೆ, ಕ್ರಿ.ಪೂ. 241ರಲ್ಲಿ, ಕೂಲಿ ಪಡೆ ಎದ್ದ ದಂಗೆಗೆ ಏನು ಹೇಳುವುದು? ಸೋತು ಬಂದ ಸುಮಾರು 20,000 ಸೈನಿಕರಿಗೆ ಸಂಬಳ ಬಾಕಿ ಇತ್ತು. ದಂಡನಾಯಕ ಗಿಸ್ಕೊ ಜಾಣತನದಿಂದ ಅವರನ್ನು ತಂಡ ತಂಡವಾಗಿ ಹಡಗು ಹತ್ತಿಸಿದ್ದ. ಒಂದು ತಂಡದ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸಿದ ಮೇಲೆ ಇನ್ನೊಂದು ಬಂದಿಳಿಯಲಿ ಎಂಬುದು ಅವನ ಎಣಿಕೆ. ಸರ್ಕಾರ ಎಲ್ಲರನ್ನೂ ಒಟ್ಟಿಗೆ ಕೂಡಿಹಾಕಿ, ಕೊನೆಗೆ ಬಾಕಿಯಲ್ಲೇ ಕಡಿತಕ್ಕೆ ಚೌಕಾಸಿಗಿಳಿಯಿತು. ಇಷ್ಟಾದರೂ ಅದು ಸಂಬಳದ ಜಗಳವಾಗಿಯೇ ಮುಗಿಯಬಹುದಿತ್ತು. ಅದನ್ನು ಮೂರು ವರ್ಷ ಮೀರಿದ ಘೋರ ಯುದ್ಧವಾಗಿಸಿದವರು ಕಾರ್ಥೇಜಿನ ಒಳನಾಡಿನ ಲಿಬಿಯನ್ ರೈತರು. ರೋಮ್ ವಿರುದ್ಧದ ಯುದ್ಧದುದ್ದಕ್ಕೂ ಕಾರ್ಥೇಜ್ ಅವರ ಬೆಳೆಯಲ್ಲಿ ಅರ್ಧ ಕಿತ್ತುಕೊಂಡಿತ್ತು, ಪಟ್ಟಣಗಳ ತೆರಿಗೆಯನ್ನು ದುಪ್ಪಟ್ಟು ಮಾಡಿತ್ತು. ಕಂದಾಯ ಕಟ್ಟಲಾಗದ ಗಂಡಂದಿರನ್ನೂ ತಂದೆಯರನ್ನೂ ಎಳೆದೊಯ್ದದ್ದನ್ನು ಕಂಡಿದ್ದ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ದಂಗೆಗೆ ಕೊಟ್ಟರು. ಪಾಲಿಬಿಯಸ್ ಹೇಳುವಂತೆ 70,000 ಲಿಬಿಯನ್ನರು ದಂಗೆ ಸೇರಿದರು. ಕೂಲಿಯವರ ಸಂಖ್ಯೆಗೆ ಇದು ಮೂರು ಪಟ್ಟಿಗೂ ಹೆಚ್ಚು.

ರೋಮಿನ ಅಧೀನ ಜನರೇನೂ ಸುಖವಾಗಿರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕ್ರಿ.ಪೂ. 216ರಲ್ಲಿ ರೋಮ್ ಕ್ಯಾನೆಯಲ್ಲಿ ಹ್ಯಾನಿಬಲ್‌ಗೆ ಸೋತ ನಂತರ ಇಟಲಿಯ ಕಾಪುವಾ ನಗರ ಅದರ ಕೈಬಿಟ್ಟಿತು. 209ರಲ್ಲಿ 30 ಲ್ಯಾಟಿನ್ ವಸಾಹತುಗಳ ಪೈಕಿ 12 ಇನ್ನು ಆಳು ಕೊಡಲಾರೆವೆಂದವು. ಉಳಿದ 18 ಮಾತ್ರ ಕೊಟ್ಟವು. ಆದರೂ ರೋಮ್ ತನ್ನ ಇಟಲಿಯ ಮಿತ್ರರಿಂದ ಮುಖ್ಯವಾಗಿ ಕೇಳಿದ್ದು ಕಪ್ಪವನ್ನಲ್ಲ, ಸೈನಿಕರನ್ನು. ಗೆದ್ದಾಗ ಕೊಳ್ಳೆಯಲ್ಲಿ ಅವರಿಗೂ ಪಾಲಿತ್ತು. ಕಾರ್ಥೇಜಿನವರಿಗೆ ಕೆಚ್ಚು ಇರಲಿಲ್ಲ ಎಂದರೂ ತಪ್ಪೇ. ಆಯುಧಗಳನ್ನೆಲ್ಲ ರೋಮಿಗೆ ಒಪ್ಪಿಸಿದ ಮೇಲೂ ಆ ನಾಗರಿಕರು ಹೆಂಗಸರ ಕೂದಲಿನಿಂದ ಕವಣೆಯಂತ್ರಗಳಿಗೆ ಹಗ್ಗ ಹೊಸೆದು, ಕ್ರಿ.ಪೂ. 146ರಲ್ಲಿ ನಗರ ಬೀಳುವವರೆಗೆ ಕಾದಿದರು. ಕೊರತೆಯಿದ್ದದ್ದು ಹಿತ್ತಿಲಿನಲ್ಲಿ. ತನ್ನ ಒಳನಾಡನ್ನು ಬರೀ ಕಂದಾಯದ ಕಣಜವೆಂದು ಕಂಡ ರಾಜ್ಯಕ್ಕೆ ದೊಡ್ಡ ಸೋಲೊಂದನ್ನು ನುಂಗಿ ಮತ್ತೆ ಸೇನೆ ಕಟ್ಟಲು ಜನ ಎಲ್ಲಿಂದ ಬರಬೇಕು? ಕ್ಯಾನೆಯನ್ನು ರೋಮ್ ಸಹಿಸಿತು, ಕ್ರಿ.ಪೂ. 202ರ ಜಾಮಾ ಕದನವನ್ನು ಕಾರ್ಥೇಜ್ ಸಹಿಸಲಾರದೆ ಹೋಯಿತು.