ಬಾಗಿಲು ತಟ್ಟುವ ಒಂಬತ್ತು ಮಂದಿ

ದೆವ್ವವೆಂದ ಮೇಲೆ ಹೆದರಿಸುವುದು ಅದರ ಕಸುಬು. ಮಲಗಿದವರನ್ನು ಎಬ್ಬಿಸಿ, ‘ಏಳಿರಿ, ಹೊರಗೆ ಓಡಿರಿ, ಜೀವ ಉಳಿಸಿಕೊಳ್ಳಿರಿ’ ಎಂದು ಕೂಗುವ ದೆವ್ವದ ಕಥೆಯನ್ನು ವಾಚಕರು ಕೇಳಿರುವುದು ಅಪರೂಪ. ಅಮೆರಿಕದ ಒಹಾಯೋ ಸಂಸ್ಥಾನದ ಗ್ಯಾಂಬಿಯರ್ ಎಂಬ ಹಳ್ಳಿಯಲ್ಲಿ ಅಂಥ ದೆವ್ವಗಳಿವೆಯೆಂದು ಪ್ರತೀತಿ. ಅವುಗಳ ವಾಸ ಪಾಳುಮನೆಯಲ್ಲಲ್ಲ, ಮಸಣದಲ್ಲೂ ಅಲ್ಲ. ಕೆನ್ಯನ್ ಕಾಲೇಜಿನ ವಿದ್ಯಾರ್ಥಿ ನಿಲಯದಲ್ಲಿ.

ಈ ಕಾಲೇಜನ್ನು 1824ರಲ್ಲಿ ಫಿಲಾಂಡರ್ ಚೇಸ್ ಎಂಬ ಬಿಷಪ್ಪರು ಸ್ಥಾಪಿಸಿದರು. ಮುಂದೆ ಅಮೆರಿಕದ ಅಧ್ಯಕ್ಷರಾದ ರದರ್‌ಫರ್ಡ್ ಹೇಯ್ಸ್ ಇಲ್ಲಿ ಓದಿದವರು. 1969ರವರೆಗೂ ಇಲ್ಲಿ ಗಂಡುಹುಡುಗರಿಗೆ ಮಾತ್ರ ಪ್ರವೇಶವಿದ್ದಿತು. ‘ಓಲ್ಡ್ ಕೆನ್ಯನ್’ ಎಂದು ಹೆಸರಾದ ನಿಲಯಕ್ಕೆ ಅಸ್ತಿಭಾರ ಬಿದ್ದುದು 1827ರಲ್ಲಿ. ಹೊರಗೆ ಕೋಟೆಯಂತೆ ದಪ್ಪನೆಯ ಕಲ್ಲುಗೋಡೆ, ಒಳಗೆಲ್ಲ ಮರ. ಮರ ಒಣಗಲು ನೂರಿಪ್ಪತ್ತು ವರ್ಷಗಳ ಅವಕಾಶ ಸಿಕ್ಕಿತ್ತು.

1949ರ ಫೆಬ್ರವರಿ 27, ಭಾನುವಾರ. ಚಿತ್ರನಟ ಪಾಲ್ ನ್ಯೂಮನ್ ಇದೇ ಕಾಲೇಜಿನಿಂದ ಪದವಿ ಪಡೆದ ವರ್ಷವದು. ಇನ್ನೂ ಬೆಳಕು ಹರಿದಿರಲಿಲ್ಲ, ಹುಡುಗರು ಗಾಢನಿದ್ರೆಯಲ್ಲಿದ್ದರು. ಅಗ್ಗಿಷ್ಟಿಕೆಯ ಕಿಡಿಯೊಂದು ಹೊಗೆಗೂಡಿನ ಬಿರುಕಿನಿಂದ ನುಸುಳಿ ಒಳಗೋಡೆಯ ಮರವನ್ನು ಸೇರಿತು. ಯಾರ ಕಣ್ಣಿಗೂ ಬೀಳದೆ ಅಲ್ಲಿಯೇ ಕನಲುತ್ತಿದ್ದು, ಉರಿಯಾಗಿ ಹೊರಬಿದ್ದಾಗ ಕಾಲ ಮೀರಿತ್ತು. ಕೆಲವರು ಕಿಟಕಿಗಳಿಂದ ಹಾರಿದರು. ಒಂಬತ್ತು ಮಂದಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು.

ಹಳೆಯ ಕಟ್ಟಡದ ಮೇಲೆ ಊರವರಿಗೆ ಅಷ್ಟು ಮಮತೆಯಿದ್ದುದರಿಂದ, 1950ರ ವೇಳೆಗೆ ಅದೇ ಸ್ಥಳದಲ್ಲಿ, ಅದೇ ಆಕಾರದಲ್ಲಿ ನಿಲಯವನ್ನು ಮತ್ತೆ ಎಬ್ಬಿಸಿದರು. ದೂರದಿಂದ ನೋಡಿದವನಿಗೆ ಏನೂ ನಡೆದೇ ಇಲ್ಲವೆಂಬ ಭ್ರಾಂತಿ. ಒಳಗೆ ಮಾತ್ರ ಎಲ್ಲವೂ ಹೊಸದು. ಕಥೆಗಳು ಹುಟ್ಟಿದುದು ಈ ಹೊಸ ಕಟ್ಟಡದಲ್ಲಿ.

ರಾತ್ರಿಯ ಕೊನೆಯ ಜಾವದಲ್ಲಿ ಬಾಗಿಲ ಹಿಡಿ ತಾನಾಗಿ ಅಲುಗುತ್ತದೆಯಂತೆ. ಯಾರೋ ಓಡುತ್ತ ಬಂದು ಒಂದೊಂದೇ ಬಾಗಿಲನ್ನು ಬಡಿಯುತ್ತಾರಂತೆ. ‘ಬೆಂಕಿ, ಎದ್ದೇಳಿ’ ಎಂಬ ಕೂಗು. ಗಾಬರಿಯಿಂದ ಬಾಗಿಲು ತೆರೆದರೆ ಮೊಗಸಾಲೆ ಬರಿದು, ಹೊಗೆಯಿಲ್ಲ, ಉರಿಯಿಲ್ಲ. ಕೆಲವರಿಗೆ ಆಕೃತಿಗಳೂ ಕಂಡಿವೆಯಂತೆ, ಆದರೆ ಅರ್ಧ ಮಾತ್ರ. ಹೊಸ ಕಟ್ಟಡದ ಅಂತಸ್ತುಗಳು ಹಳೆಯ ಮಟ್ಟಕ್ಕೆ ಸರಿಹೊಂದದೆ ತುಸು ಮೇಲಾದವಂತೆ. ಪಾಪ, ಸತ್ತವರಿಗೆ ಅದು ತಿಳಿಯದು. ಅವರು ತಮ್ಮ ಹಳೆಯ ನೆಲದ ಮೇಲೆಯೇ ನಡೆಯುತ್ತಿದ್ದಾರೆ. ಆದುದರಿಂದ ಕಾಲುಗಳು ನೆಲದಲ್ಲಿ ಹೂತುಹೋಗಿ, ಮೇಲ್ಭಾಗವಷ್ಟೇ ಬದುಕಿರುವವರ ಕಣ್ಣಿಗೆ ಬೀಳುತ್ತದೆ! ನಮ್ಮ ಅಜ್ಜಿಯರ ದೆವ್ವಗಳಿಗೆ ಪಾದ ಹಿಂದುಮುಂದು. ಇಲ್ಲಿಯವಕ್ಕೆ ಪಾದವೇ ಅಗೋಚರ. ಈ ವಿವರವನ್ನು ಮೊದಲು ಸೇರಿಸಿದ ಹುಡುಗ ಯಾರಾದರೂ ಆಗಲಿ, ಅವನಿಗೆ ಕಥೆಗಾರನ ಕೈಯಿದ್ದಿತು.

ಕಾಲೇಜಿನ ಒಂದು ತಲೆಮಾರೆಂದರೆ ನಾಲ್ಕೇ ವರ್ಷ. 1949ರಲ್ಲಿ ಸತ್ತವರ ಮುಖ ಕಂಡವರಾರೂ 1953ರ ವೇಳೆಗೆ ನಿಲಯದಲ್ಲಿ ಉಳಿದಿರಲಿಕ್ಕಿಲ್ಲ. ಹೊಸದಾಗಿ ಪೆಟ್ಟಿಗೆ ಹಾಸಿಗೆಗಳೊಡನೆ ಬಂದಿಳಿದ ಹದಿನೆಂಟರ ಹುಡುಗನಿಗೆ ಹಿರಿಯನೊಬ್ಬ ದೀಪವಾರಿಸಿ ಈ ಕಥೆ ಹೇಳುತ್ತಾನೆ. ಅವನಿಗೂ ಹೀಗೆಯೇ ಯಾರೋ ಹೇಳಿದ್ದು. ಹೆದರಿಸುವ ಚೇಷ್ಟೆ ಅದರಲ್ಲಿಲ್ಲವೆಂದಲ್ಲ. ಆದರೂ ಆ ಒಂಬತ್ತು ಮಂದಿಯ ಸುದ್ದಿ ಹೀಗೆ ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ದಾಟಿ ಬಂದಿದೆ.

ಓಲ್ಡ್ ಕೆನ್ಯನ್ನಿನಲ್ಲಿ ಇವರಿಗಿಂತ ಹಿರಿಯ ದೆವ್ವವೊಂದಿದೆ. ಪ್ರತಿವರ್ಷ ಅಕ್ಟೋಬರ್ 28ರ ರಾತ್ರಿ ನಾಲ್ಕನೆಯ ಅಂತಸ್ತಿನ ದುಂಡು ಕಿಟಕಿಯಲ್ಲಿ ಒಬ್ಬ ತರುಣ ಇಣುಕುತ್ತಾನೆಂದು ಹೇಳುತ್ತಾರೆ. ಅವನು ಇಣುಕುತ್ತಿದ್ದ ಮೊದಲಿನ ಕಿಟಕಿ 1949ರಲ್ಲಿಯೇ ಸುಟ್ಟಿತು. ಹೊಸ ಕಿಟಕಿಗೂ ಅವನು ಒಗ್ಗಿಕೊಂಡಂತೆ ಕಾಣುತ್ತದೆ. ಇಲ್ಲಿಯವರೆಗೆ ಕೇಳುವುದಕ್ಕೆ ಸೊಗಸಾಗಿದೆ. ಈ ತರುಣ ಸತ್ತ ಬಗೆಯನ್ನು ವಿಚಾರಿಸಿದರೆ ಸೊಗಸು ಉಳಿಯದು.

1905ರ ಅದೇ ತಾರೀಖಿನ ರಾತ್ರಿ, ವಿದ್ಯಾರ್ಥಿ ಸಂಘವೊಂದಕ್ಕೆ ಹೊಸಬನಾಗಿ ಸೇರಲಿದ್ದ ಅವನನ್ನು ದೀಕ್ಷೆಯ ನಿಯಮವೆಂದು ಕೊಕೋಸಿಂಗ್ ನದಿಯ ಮೇಲಿನ ರೈಲ್ವೆ ಸೇತುವೆಯ ಬಳಿ ಕತ್ತಲಲ್ಲಿ ಕಾದಿರಿಸಿದ್ದರು. ವೇಳಾಪಟ್ಟಿಯಲ್ಲಿಲ್ಲದ ಗಾಡಿಯೊಂದು ಬಂದು ಅವನನ್ನು ಕೊಂದಿತು. ಅದೇ ಸಂಘದ ಹಳೆಯ ಸದಸ್ಯನಾಗಿದ್ದ ಅವನ ತಂದೆ, ಮಗನ ದೀಕ್ಷೆಯನ್ನು ಕಣ್ತುಂಬ ನೋಡಲೆಂದು ಆ ದಿನ ಊರಿಗೆ ಬಂದಿದ್ದರು. ಮಗನ ಶವದೊಡನೆ ಹಿಂದಿರುಗಿದರು. ಹುಡುಗನನ್ನು ಹಳಿಗೆ ಕಟ್ಟಿದ್ದರೆಂದು ಮರಣದ ವಿಚಾರಣೆ ನಡೆಸಿದ ಅಧಿಕಾರಿಯ ಅಭಿಪ್ರಾಯ. ಇಲ್ಲ, ದಣಿದು ಅಲ್ಲಿಯೇ ನಿದ್ದೆಹೋಗಿದ್ದನೆಂದು ಕಾಲೇಜಿನವರ ವಾದ. ಯಾರಿಗೂ ಶಿಕ್ಷೆಯಾಗಲಿಲ್ಲ.

ಎರಡು ಕಥೆಗಳೂ ಒಂದೇ ಸೂರಿನ ಕೆಳಗಿದ್ದರೂ ಗುಣದಲ್ಲಿ ಒಂದೇ ಅಲ್ಲ. ಬೆಂಕಿಯ ಕಥೆಯಲ್ಲಿ ಬೆಂಕಿಯಿದೆ. ಅದನ್ನು ಕೇಳಿದ ಹುಡುಗ ಮಲಗುವ ಮುನ್ನ ಹೊರಬಾಗಿಲು ಎತ್ತಲಿದೆಯೆಂದು ಒಮ್ಮೆ ನೋಡಿಕೊಂಡಾನು. ಕಿಟಕಿಯ ಕಥೆಯಲ್ಲಿ ತರುಣನಿದ್ದಾನೆ, ತಾರೀಖಿದೆ, ಬೆಳದಿಂಗಳೂ ಇರಬಹುದು.

ಆ ಹಳಿಗಳನ್ನು ಎಂದೋ ಕಿತ್ತುಹಾಕಿದ್ದಾರೆ. ಗಾಡಿ ಓಡುತ್ತಿದ್ದ ದಾರಿಯಲ್ಲಿ ಜನ ಈಗ ಸೈಕಲ್ ಹೊಡೆಯುತ್ತಾರೆ, ಮಕ್ಕಳ ಕೈಹಿಡಿದು ನದಿಯನ್ನು ದಾಟುತ್ತಾರೆ. ಅಕ್ಟೋಬರ್ ಬಂದಾಗ ಹುಡುಗರು ಕತ್ತೆತ್ತಿ ದುಂಡು ಕಿಟಕಿಯನ್ನು ನೋಡುತ್ತಾರೆ. ಅವನನ್ನು ಸೇತುವೆಗೆ ಕರೆದೊಯ್ದವರು ಮಾತ್ರ ಯಾವ ಕಿಟಕಿಯಲ್ಲಿಯೂ ಕಾಣಿಸಿಕೊಂಡ ವರ್ತಮಾನವಿಲ್ಲ.