ಸಂಬಳಕ್ಕೂ ಒಂದು ಮಳೆಗಾಲ ಬರುತ್ತದೆ

ಮೇ ತಿಂಗಳು ಬಂತೆಂದರೆ ನಮ್ಮ ಮಲೆನಾಡಿನ ಹೆಂಗಸರ ಕೈಗೆ ಬಿಡುವಿಲ್ಲ. ಹಪ್ಪಳ ಒಣಗಬೇಕು, ಸಂಡಿಗೆ ಡಬ್ಬಿ ಸೇರಬೇಕು, ಮಿಡಿ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಬೇಕು. ಹೆಂಚಿನ ಮನೆಯವರು ಸೋರುವ ಕಡೆ ಹೆಂಚು ಬದಲಿಸುತ್ತಾರೆ. ಮಳೆ ಹಿಡಿದ ಮೇಲೆ ಇದ್ಯಾವುದೂ ಆಗುವುದಿಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸಂಬಳಕ್ಕೂ ಒಂದು ಮಳೆಗಾಲ ಬರಬಹುದು ಅಂತ ನಾವು ಎಂದಾದರೂ ಯೋಚಿಸಿದ್ದೇವೆಯೇ? "ಈ ತಿಂಗಳು ಸಂಬಳ ಇಲ್ಲ, ಮುಂದಿನ ತಿಂಗಳದ್ದೂ ಗೊತ್ತಿಲ್ಲ" ಅಂತ ಯಜಮಾನರು ಇವತ್ತು ಸಂಜೆ ಬಂದು ಹೇಳಿದರೆ, ನಿಮ್ಮ ಮನೆ ಎಷ್ಟು ದಿನ ನಡೆದೀತು? ಉತ್ತರ ತಟ್ಟನೆ ಹೊಳೆಯಲಿಲ್ಲ ಅಲ್ವಾ? ನನಗೂ ಹೊಳೆದಿರಲಿಲ್ಲ.

ನನ್ನ ತವರು ಭದ್ರಾವತಿ. ಕಾರ್ಖಾನೆಯ ಸೈರನ್ ಕೇಳಿ ಒಲೆ ಮೇಲೆ ಅನ್ನಕ್ಕೆ ಇಡುತ್ತಿದ್ದ ಊರು. ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ, ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1936ರಲ್ಲಿ. "ಹುಡುಗನಿಗೆ ಫ್ಯಾಕ್ಟರಿ ಕೆಲಸ" ಎಂದರೆ ಹೆಣ್ಣು ಕೊಡುವವರು ಎರಡನೇ ಮಾತು ಆಡುತ್ತಿರಲಿಲ್ಲ. ಆ ಪೇಪರ್ ಮಿಲ್ಲಿನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು ನಿಜ. ಆದರೆ ಆ ನಡುವಿನ ತಿಂಗಳುಗಳಲ್ಲಿ ಹಾಲಿನವನಿಗೆ, ಶಾಲೆಗೆ, ಮನೆ ಮಾಲೀಕರಿಗೆ ಉತ್ತರ ಹೇಳಬೇಕಾದವರು ಯಾರು? ಮನೆಯಲ್ಲಿದ್ದ ಹೆಂಗಸರೇ. ಇಷ್ಟು ದೊಡ್ಡ, ಇಷ್ಟು ಹಳೆಯ ಕಾರ್ಖಾನೆಗಳಿಗೇ ಈ ಗತಿ ಬರುವುದಾದರೆ ಖಾಸಗಿ ನೌಕರಿಯನ್ನು ನಂಬಿದ ನಮ್ಮ ಪಾಡೇನು?

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. 2022ರಲ್ಲಿ ನಾವು ವಿದ್ಯಾನಗರದ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಒಂದು ಸಣ್ಣ ಖಾಸಗಿ ಘಟಕದಲ್ಲಿ ಕೆಲಸದಲ್ಲಿದ್ದರು. ಆರ್ಡರ್ ಇಲ್ಲ ಅಂತ ಆಗಸ್ಟ್ ಮೊದಲ ವಾರದಲ್ಲಿ ಕೆಲವರನ್ನು ಮನೆಗೆ ಕಳಿಸಿದರು. ಅದರಲ್ಲಿ ಇವರೂ ಒಬ್ಬರು. ಆದರೆ ನನಗೆ ಹೇಳಲಿಲ್ಲ! ಹತ್ತೊಂಬತ್ತು ದಿನ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೋಗಿ, ಕೆಲಸ ಹುಡುಕಿ, ಮಿಕ್ಕ ಹೊತ್ತು ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಕೂತು ಸಂಜೆ ಬರುತ್ತಿದ್ದರು. ಅದೇ ವಾರದಲ್ಲಿ ನಾನು ಗೌರಿ ಹಬ್ಬ ಹತ್ತಿರ ಬಂತು ಅಂತ ಕಂತಿನ ಮೇಲೆ ಹೊಸ ಫ್ರಿಜ್ ತಂದು ನಿಲ್ಲಿಸಿದೆ. ಅವರು ಬೇಡ ಎನ್ನಲಿಲ್ಲ. "ನಿನ್ನಿಷ್ಟ" ಅಂದರು, ಅಷ್ಟೇ.

ವಿಷಯ ಗೊತ್ತಾದ ದಿನ ನನಗೆ ಸಿಟ್ಟು ಬಂದದ್ದು ಅವರ ಮೇಲೆ. ಎರಡು ದಿನ ಮಾತು ಬಿಟ್ಟೆ. ಆಮೇಲೆ ನಿಧಾನಕ್ಕೆ ಯೋಚಿಸಿದಾಗ ನಾಚಿಕೆಯಾದದ್ದು ನನ್ನ ಬಗ್ಗೆಯೇ. "ನಮ್ಮ ಓರಗಿತ್ತಿ ಮನೇಲಿ ಅದು ತಂದ್ರು, ಇದು ತಂದ್ರು" ಅಂತ ವರ್ಷಗಟ್ಟಲೆ ಹಾಡಿದವಳು ನಾನೇ ತಾನೇ? ಸಂಬಳ ಹೋಯಿತು ಎಂದು ಬಾಯಿಬಿಟ್ಟು ಹೇಳಲಾಗದಂಥ ಮನೆಯನ್ನು ಕಟ್ಟಿದ್ದರಲ್ಲಿ ನನ್ನ ಪಾಲೂ ಇತ್ತು. ಮತ್ತೆ ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳು ಕಲಿಸಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಕಷ್ಟಕಾಲಕ್ಕೆ ಮನೆಯನ್ನು ಸಿದ್ಧ ಮಾಡುವುದು ಎಂದರೆ ಮೊದಲು ದುಡ್ಡು ಕೂಡಿಡುವುದಲ್ಲ, ಮೊದಲು ದುಡ್ಡಿನ ವಿಷಯ ಮಾತಾಡುವುದು.

ಲೆಕ್ಕ ಬರೆದರೆ ಭಯ ಅರ್ಧ

ಗಂಡನ ಕೈಗೆ ಬರುವ ಸಂಬಳ ಎಷ್ಟು, ಕಟ್ ಆಗುವುದೆಷ್ಟು, ಸಾಲ ಎಲ್ಲೆಲ್ಲಿದೆ ಅಂತ ತಿಳಿಯದ ಗೃಹಿಣಿಯರು ಇವತ್ತಿಗೂ ಎಷ್ಟೋ ಜನ. "ಅದೆಲ್ಲ ಅವರೇ ನೋಡ್ಕೋತಾರೆ" ಅಂತ ಹೆಮ್ಮೆಯಿಂದ ಹೇಳುವವರೂ ಇದ್ದಾರೆ. ಅದು ಹೆಮ್ಮೆಯಲ್ಲ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ನಿಲ್ಲಿಸಲಾಗದ ಖರ್ಚು, ಬಲಗಡೆ ನಿಲ್ಲಿಸಬಹುದಾದ ಖರ್ಚು ಬರೆಯಿರಿ. ನಮ್ಮ ಆಗಿನ ಎಡಗಡೆ ಪಟ್ಟಿ ಹೀಗಿತ್ತು: ಬಾಡಿಗೆ 7,500, ದಿನಸಿ ತರಕಾರಿ 5,000, ಹಾಲು 1,400, ಗ್ಯಾಸ್ ಕರೆಂಟು 1,300, ಶಾಲೆ ಮತ್ತು ವ್ಯಾನು 2,300, ಅತ್ತೆಯವರ ಮಾತ್ರೆ 1,100, ಬೈಕಿನ ಕಂತು 2,400. ಒಟ್ಟು 21,000 ರೂಪಾಯಿ. ಕೇಬಲ್ಲು, ಹೋಟೆಲ್ಲು, ಹೊಸ ಬಟ್ಟೆ, ಮುಯ್ಯಿ ಎಲ್ಲ ಬಲಗಡೆ ಹೋದವು. ಬರೆದು ಮುಗಿಸಿದಾಗ ಆಶ್ಚರ್ಯವಾಯಿತು. ಸಂಬಳ 32,000 ಇಲ್ಲದೆ ಮನೆಯೇ ನಡೆಯದು ಅಂದುಕೊಂಡಿದ್ದವಳಿಗೆ, ಉಸಿರಾಡಲು ಬೇಕಾದದ್ದು 21,000 ಮಾತ್ರ ಅಂತ ತಿಳಿಯಿತು.

ಈಗ ಗುರಿ ಸ್ಪಷ್ಟ. ಮೂರು ತಿಂಗಳ ಎಡಗಡೆ ಖರ್ಚು, ಅಂದರೆ 63,000. ತಿಂಗಳಿಗೆ 3,500ರಂತೆ ಕೂಡಿಟ್ಟರೆ ಒಂದೂವರೆ ವರ್ಷ, 1,750ರಂತೆ ಇಟ್ಟರೆ ಮೂರು ವರ್ಷ. "ಮೂರು ವರ್ಷ ಯಾರು ಕಾಯ್ತಾರ್ರೀ" ಅನ್ನಬೇಡಿ. ಅರ್ಧ ಕೂಡಿದರೂ ಒಂದೂವರೆ ತಿಂಗಳ ಧೈರ್ಯ ನಿಮ್ಮ ಕೈಲಿರುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಸಂಬಳ ಬಂದ ದಿನವೇ ಆ ಮೊತ್ತ ಆರ್‌ಡಿಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟುಬಿಡಿ. ತಿಂಗಳ ಕೊನೆಗೆ ಉಳಿದರೆ ಕಟ್ಟೋಣ ಅಂದರೆ ಅದು ಎಂದೂ ಉಳಿಯುವುದಿಲ್ಲ.

ಈ ದುಡ್ಡನ್ನು ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಎಲ್ಲೆಲ್ಲೋ ಹಾಕಬೇಡಿ. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಆದರೆ ಬೀದಿಗೊಂದು ಬೋರ್ಡು ಹಾಕಿಕೊಂಡ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಚೀಟಿ ದುಡ್ಡೂ ಅಷ್ಟೇ, ನಿಮಗೆ ಬೇಕಾದ ತಿಂಗಳು ನಿಮ್ಮ ಕೈಗೆ ಬರುತ್ತದೆಂಬ ಭರವಸೆ ಇಲ್ಲ.

ಸಾಸಿವೆ ಡಬ್ಬಿಯ ಗುಟ್ಟು

ಇಲ್ಲಿ ಕೆಲವು ಗೆಳತಿಯರು ನನ್ನ ಜೊತೆ ಜಗಳಕ್ಕೇ ಬರುತ್ತಾರೆ. "ಹೆಂಗಸಿಗೆ ಅಂತ ನಾಲ್ಕು ಕಾಸು ಗುಟ್ಟಾಗಿ ಇರಬೇಕು ಕಣೇ" ಅನ್ನುತ್ತಾರೆ. ಸಾಸಿವೆ ಡಬ್ಬಿಯ ದುಡ್ಡು ನಮ್ಮನ್ನೂ ಮೊದಲ ಎರಡು ವಾರ ಕಾಪಾಡಿತು, ಸುಳ್ಳು ಹೇಳುವುದಿಲ್ಲ. ಆದರೆ 2016ರ ನವೆಂಬರ್ 8ರ ರಾತ್ರಿ ನೆನಪಿದೆಯೇ? 500, 1000ದ ನೋಟು ನಡೆಯುವುದಿಲ್ಲ ಅಂತ ಘೋಷಣೆಯಾದ ಮಾರನೇ ದಿನ ಎಷ್ಟು ಮನೆಗಳಲ್ಲಿ ಹೆಂಗಸರ ಗುಟ್ಟು ಬಯಲಾಯಿತು! ಡಬ್ಬಿಯಲ್ಲಿಟ್ಟ ದುಡ್ಡಿಗೆ ಬಡ್ಡಿಯೂ ಇಲ್ಲ, ಭದ್ರತೆಯೂ ಇಲ್ಲ. ಅದನ್ನೇ ನಿಮ್ಮ ಹೆಸರಿನ ಉಳಿತಾಯ ಖಾತೆಯಲ್ಲಿಡಿ. ಗಂಡ ಕುಡಿತಕ್ಕೋ ಜೂಜಿಗೋ ಸುರಿಯುವ ಮನೆಯಾದರೆ ಪಾಸ್‌ಬುಕ್ ನಿಮ್ಮ ಕೈಯಲ್ಲೇ ಇರಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸರಿಯಾಗಿ ದುಡಿದು ತರುವ ಮನುಷ್ಯನಿಗೆ "ನನ್ನ ಹತ್ರ ಇಷ್ಟಿದೆ, ಹೆದರಬೇಡಿ" ಅಂತ ಹೇಳಿ ನೋಡಿ. ಹೇಳುವುದು ಎಂದರೆ ಕೊಟ್ಟುಬಿಡುವುದು ಅಂತಲ್ಲ. ಅವರು ಬೆಂಚಿನ ಮೇಲೆ ಕೂರುವುದು ತಪ್ಪುತ್ತದೆ.

ಕೆಲಸ ಇರುವಾಗಲೇ ಕಾಗದಪತ್ರ

ನಾನು ಮಾಡಿದ ಇನ್ನೊಂದು ತಪ್ಪು, ಕಾಗದಪತ್ರದ ಕಡೆ ತಿರುಗಿ ನೋಡದಿದ್ದದ್ದು. ಪಿಎಫ್ ಖಾತೆಯ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ. ಅದಕ್ಕೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಜೋಡಣೆಯಾಗಿದೆಯೇ, ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇದೆಯೇ, ನಾಮಿನಿ ಯಾರು ಅಂತ ನೋಡಿ. ನಮ್ಮವರ ಹೆಸರಿನಲ್ಲಿ ಒಂದು ಇನಿಷಿಯಲ್ ವ್ಯತ್ಯಾಸಕ್ಕೆ ಒಂದು ತಿಂಗಳು ಅಲೆದೆವು. ಕೆಲಸ ಹೋದಾಗ ಪಿಎಫ್‌ನಲ್ಲಿ ಎಷ್ಟು, ಯಾವಾಗ ತೆಗೆಯಬಹುದು ಎಂಬ ನಿಯಮ ಆಗಾಗ ಬದಲಾಗುತ್ತದೆ, ಆದ್ದರಿಂದ ಪಕ್ಕದ ಮನೆಯವರ ಮಾತು ಕೇಳದೆ ಕಚೇರಿಯಲ್ಲೇ ವಿಚಾರಿಸಿ. ಅದು ಮುದಿಗಾಲದ ದುಡ್ಡು ಅನ್ನುವುದನ್ನೂ ಮರೆಯಬೇಡಿ.

ಇಎಸ್‌ಐ ಇರುವವರು ಕೆಲಸ ಹೋದ ಮರುದಿನವೇ ಚಿಕಿತ್ಸೆ ನಿಂತಿತು ಅಂದುಕೊಳ್ಳಬೇಡಿ. ಕಟ್ಟಿದ ವಂತಿಗೆಯ ಲೆಕ್ಕದ ಮೇಲೆ ಕೆಲವು ತಿಂಗಳು ಸೌಲಭ್ಯ ಮುಂದುವರಿಯಬಹುದು. ಕೆಲಸ ಕಳೆದುಕೊಂಡವರಿಗೆ ಸರಾಸರಿ ಸಂಬಳದ ಒಂದು ಭಾಗವನ್ನು 90 ದಿನದವರೆಗೆ ಕೊಡುವ ಯೋಜನೆಯೂ ಅಲ್ಲಿ 2018ರಲ್ಲಿ ಆರಂಭವಾಗಿ ಮತ್ತೆ ಮತ್ತೆ ವಿಸ್ತರಣೆಯಾಗಿದೆ. ನೀವು ಹೋದ ಹೊತ್ತಿಗೆ ಅದು ಜಾರಿಯಲ್ಲಿದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಕರೆದು ಹೇಳುವುದಿಲ್ಲ. ಎಲ್‌ಐಸಿ ಪಾಲಿಸಿಗೆ ವರ್ಷ, ಆರು ತಿಂಗಳು, ಮೂರು ತಿಂಗಳ ಕಂತಾದರೆ 30 ದಿನ, ತಿಂಗಳ ಕಂತಾದರೆ 15 ದಿನ ಹೆಚ್ಚುವರಿ ಗಡುವಿದೆ. ಆ ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಮೊದಲ ವಾರದಲ್ಲೇ ಮಾಡಬೇಕಾದದ್ದು

ಸಂಬಳ ನಿಂತಿತು ಅಂದಾಗ ಎಲ್ಲರೂ ಮಾಡುವ ತಪ್ಪು, "ಮುಂದಿನ ವಾರ ಸರಿಹೋಗುತ್ತೆ" ಅಂತ ಮೊದಲ ತಿಂಗಳು ಹಳೇ ರೀತಿಯಲ್ಲೇ ಖರ್ಚು ಮಾಡುವುದು. ಹಾಗೆ ಮಾಡಬೇಡಿ. ಬಲಗಡೆ ಪಟ್ಟಿಯನ್ನು ಮೊದಲ ದಿನವೇ ನಿಲ್ಲಿಸಿ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು.

ಎರಡನೆಯದು, ಸಾಲ ಕೊಟ್ಟ ಬ್ಯಾಂಕಿಗೆ ನೀವೇ ಹೋಗಿ. ಕಂತು 90 ದಿನ ಮೀರಿ ಬಾಕಿಯಾದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಮ್ಯಾನೇಜರ್ ಕೈಯಲ್ಲೂ ಹೆಚ್ಚೇನೂ ಇರುವುದಿಲ್ಲ. ಮೊದಲೇ ಹೋಗಿ ಅವಧಿ ಹೆಚ್ಚಿಸಿ ಕಂತು ಇಳಿಸಲಾದೀತೇ ಅಂತ ಅರ್ಜಿ ಕೊಡಿ. 2020ರ ಲಾಕ್‌ಡೌನ್‌ನಲ್ಲಿ ಆರು ತಿಂಗಳು ಕಂತು ಮುಂದೂಡುವ ಅವಕಾಶ ಕೊಟ್ಟಾಗ ಅದು ಮನ್ನಾ ಅಂತ ತಿಳಿದವರು ಬಹಳ. ಬಡ್ಡಿ ಬೆಳೆಯುತ್ತಲೇ ಇತ್ತು. ಮುಂದೂಡುವುದು ಬೇರೆ, ಮನ್ನಾ ಬೇರೆ.

ಮೂರನೆಯದು ಒಡವೆ. ನಮ್ಮ ಹೆಂಗಸರು ಒಂದೋ "ಪ್ರಾಣ ಹೋದರೂ ಕೊಡಲ್ಲ" ಅನ್ನುತ್ತಾರೆ, ಇಲ್ಲವೇ ಮೊದಲ ದಿನವೇ ಬಿಚ್ಚಿ ಕೊಡುತ್ತಾರೆ. ಎರಡೂ ಬೇಡ. ಮೊದಲು ಆರ್‌ಡಿ, ಆಮೇಲೆ ಠೇವಣಿ, ಕೊನೆಗೆ ಒಡವೆ. ಬ್ಯಾಂಕಿನಲ್ಲೇ ಅಡ ಇಡಿ, ಬೇಕಾದಷ್ಟಕ್ಕೆ ಮಾತ್ರ ಸಾಲ ತೆಗೆದುಕೊಳ್ಳಿ, ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ. ನನ್ನ ಎರಡು ಬಳೆ ಹಾಗೆ ಹೋಗಿ, ಹನ್ನೊಂದು ತಿಂಗಳಿಗೆ ಮರಳಿ ಕೈಗೆ ಬಂದವು. ಆದರೆ ಮೀಟರ್ ಬಡ್ಡಿಯವರ ಹತ್ತಿರ, ಮೊಬೈಲ್‌ನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಸರ್ವಥಾ ಹೋಗಬೇಡಿ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ಆ ಸಂಕಟ ಎಷ್ಟಿತ್ತು ಊಹಿಸಿ.

ನಾಚಿಕೆಯೇ ದೊಡ್ಡ ಖರ್ಚು

ಆ ನಾಲ್ಕು ತಿಂಗಳ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ತೆಗೆದು ನೋಡಿದರೆ, ನಾವು ಅತಿ ಹೆಚ್ಚು ದಂಡ ಮಾಡಿದ್ದು ಊಟಕ್ಕಲ್ಲ, ಮರ್ಯಾದೆಗೆ. ಗೊತ್ತಾಗಬಾರದು ಅಂತ ಮದುವೆಗೆ ಕೊಟ್ಟ ಮುಯ್ಯಿ, ಗೊತ್ತಾಗಬಾರದು ಅಂತ ತಂದ ಹಬ್ಬದ ಸೀರೆ, ಇನ್ನು ಆ ಫ್ರಿಜ್. ಕೊನೆಗೆ ಅಂಗಡಿಯವರಿಗೆ, ಶಾಲೆಯ ಮುಖ್ಯೋಪಾಧ್ಯಾಯಿನಿಗೆ ನಿಜ ಹೇಳಿದಾಗ ಒಬ್ಬರು ಎರಡು ತಿಂಗಳು ದಿನಸಿ ಬರೆದುಕೊಂಡು ಕೊಟ್ಟರು, ಇನ್ನೊಬ್ಬರು ಫೀಸನ್ನು ಮೂರು ಭಾಗ ಮಾಡಿದರು. ಎಲ್ಲರೂ ಹೀಗೇ ಇರುತ್ತಾರೆ ಅಂತ ಹೇಳಲಾರೆ. ಚುಚ್ಚಿ ಮಾತಾಡಿದ ನೆಂಟರೂ ಇದ್ದರು. ಆದರೆ ಕೇಳದೆ ಇದ್ದಿದ್ದರೆ ಸಿಕ್ಕ ಸಹಾಯವೂ ಸಿಗುತ್ತಿರಲಿಲ್ಲ.

ಮಕ್ಕಳಿಗೂ ಹೇಳಿ. ಹೆದರಿಸಬೇಡಿ, ಅಷ್ಟೇ. "ಅಪ್ಪನಿಗೆ ಈಗ ಕೆಲಸ ಇಲ್ಲ, ಹುಡುಕ್ತಿದಾರೆ. ಸ್ವಲ್ಪ ದಿನ ಐಸ್‌ಕ್ರೀಂ ಇಲ್ಲ" ಅಂದರೆ ಮಗುವಿಗೆ ಅರ್ಥವಾಗುತ್ತದೆ. ಅಪ್ಪ ಅಮ್ಮ ಮುಖ ಊದಿಸಿಕೊಂಡು ಓಡಾಡುವುದೇ ಅರ್ಥವಾಗುವುದಿಲ್ಲ.

ನಿಮ್ಮ ಕೈಲೊಂದು ಕಸುಬು ಇದ್ದರೆ ಒಳ್ಳೆಯ ದಿನಗಳಲ್ಲೇ ಅದನ್ನು ಬೆಚ್ಚಗಿಟ್ಟಿರಿ. ಸೀರೆಗೆ ಫಾಲ್ಸ್ ಹಾಕುವುದೋ, ನಾಲ್ಕು ಮಕ್ಕಳಿಗೆ ಪಾಠ ಹೇಳುವುದೋ, ನನ್ನ ಹಾಗೆ ನಾಲ್ಕು ಸಾಲು ಬರೆಯುವುದೋ. ಅದರಿಂದ ಬಾಡಿಗೆ ಹುಟ್ಟದಿದ್ದರೂ ಹಾಲಿನ ದುಡ್ಡು ಹುಟ್ಟುತ್ತದೆ. ಕಷ್ಟ ಬಂದ ಮೇಲೆ ಸಾಲ ಮಾಡಿ ಹೊಸ ವ್ಯಾಪಾರ ಹಚ್ಚುವ ಸಾಹಸ ಮಾತ್ರ ಬೇಡ.

ಈ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟೀವಿ ಆರಿಸಿ, ಯಜಮಾನರನ್ನು ಕೂರಿಸಿಕೊಂಡು ಎಡಗಡೆ ಬಲಗಡೆ ಪಟ್ಟಿ ಬರೆಯಿರಿ. ಬೀರುವಿನ ಬಾಗಿಲ ಒಳಗೆ ಅಂಟಿಸಿ. ಆಮೇಲೆ ಒಂದು ಮಾತು ಹೇಳಿಬಿಡಿ: "ಎಂದಾದರೂ ಸಂಬಳ ನಿಂತರೆ ಅವತ್ತೇ ಸಂಜೆ ನನಗೆ ಹೇಳಬೇಕು." ನಮ್ಮ ಮನೆಯಲ್ಲಿ ಈ ಒಪ್ಪಂದ ಈಗಲೂ ಜಾರಿಯಲ್ಲಿದೆ. ಫ್ರಿಜ್ಜಿನ ಕಂತೂ ಮುಗಿದಿದೆ.